ನಿಮಗಿಷ್ಟವಾದ ಇಂಗ್ಲಿಷ್ ಪದ ಯಾವುದು?



ಮುಂದಕ್ಕೆ ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ನಿಮಗೆ ತುಂಬ ಇಷ್ಟವಾದ ಒಂದು ಇಂಗ್ಲಿಷ್ ಪದವನ್ನು ಈ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪದ ಬೇಡ. ಹೇಳಿಕೊಂಡರೆ ಮನಸ್ಸಿಗೆ ಹಿತವೆನಿಸುವ ಪದ ಬೇಕು. ಅದು ಏಕೆ ಇಷ್ಟ ಎಂಬುದನ್ನು ಈಗಲೇ ಯೋಚಿಸಬೇಕಾಗಿಲ್ಲ. ಅದನ್ನು ಆಮೇಲೆ ಒಟ್ಟಿಗೆ ಯೋಚಿಸೋಣ.

"ಇಂಗ್ಲಿಷ್ ಎಂದರೆ ಎದೆ ಡವಗುಟ್ಟುತ್ತದೆ, ಇನ್ನು ಇಷ್ಟವಾದ ಪದ ಎಲ್ಲಿಂದ ಬರಬೇಕು?" ಎನ್ನುವವರೂ ನಿಮ್ಮಲ್ಲಿ ಇರಬಹುದು. ಅಂಥವರು ಅಂಚನ್ನು ಖಾಲಿ ಬಿಡಿ. ನಾನೂ ಒಂದು ಕಾಲಕ್ಕೆ ಅಂಚನ್ನು ಖಾಲಿ ಬಿಡುವವರ ಸಾಲಿನಲ್ಲಿದ್ದವಳು. ಈ ಮಾತುಗಳು ವಿಶೇಷವಾಗಿ ಆ ಸಾಲಿನವರಿಗಾಗಿ.

2004ರಲ್ಲಿ ಬ್ರಿಟಿಷ್ ಕೌನ್ಸಿಲ್ ಸಂಸ್ಥೆಗೆ 70 ವರ್ಷ ತುಂಬಿತು. ಆ ನೆನಪಿಗಾಗಿ ಅದು ಇದೇ ಪ್ರಶ್ನೆಯನ್ನು ಇಂಗ್ಲಿಷ್ ಮನೆಮಾತಲ್ಲದ 102 ದೇಶಗಳ 40,000ಕ್ಕೂ ಹೆಚ್ಚು ಜನರ ಮುಂದಿಟ್ಟಿತು. ನಿಮಗೆ ಅತ್ಯಂತ ಸುಂದರವೆನಿಸುವ ಇಂಗ್ಲಿಷ್ ಪದ ಯಾವುದು? ಬಂದ ಉತ್ತರಗಳಿಂದ 70 ಪದಗಳ ಪಟ್ಟಿ ತಯಾರಾಯಿತು. ಮೊದಲ ಸ್ಥಾನ ಯಾವುದಕ್ಕೆ ಸಿಕ್ಕಿತು ಎಂದು ಊಹಿಸಬಲ್ಲಿರಾ? 'ಮದರ್', ಅಂದರೆ ತಾಯಿ. ಅದರ ಹಿಂದೆ ತೀವ್ರ ಒಲವನ್ನು ಸೂಚಿಸುವ 'ಪ್ಯಾಷನ್', ಮುಗುಳ್ನಗೆಯ 'ಸ್ಮೈಲ್', ಪ್ರೀತಿಯ 'ಲವ್', ಕೊನೆಯಿಲ್ಲದ ಕಾಲವನ್ನು ಹೇಳುವ 'ಇಟರ್ನಿಟಿ'. ಇನ್ನೊಂದು ತಮಾಷೆಯೂ ನಡೆಯಿತು. 'ಪಂಪ್ಕಿನ್' ಪಟ್ಟಿಯಲ್ಲಿತ್ತು, 'ಬನಾನ' ಇತ್ತು, 'ಅಂಬ್ರೆಲಾ' ಇತ್ತು, 'ಕಾಂಗರೂ' ಕೂಡ ಇತ್ತು. 'ಫಾದರ್' ಮಾತ್ರ ಇರಲಿಲ್ಲ. ಕುಂಬಳಕಾಯಿಗೂ ಕೊಡೆಗೂ ಸಿಕ್ಕ ಜಾಗ ಅಪ್ಪನಿಗೆ ಸಿಗಲಿಲ್ಲ!

ನಾನು ವಿಜ್ಞಾನ ಓದಿದವಳಾದ್ದರಿಂದ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಇಂಥ ಮತದಾನಗಳು ಪ್ರಯೋಗಾಲಯದ ಅಳತೆಗಳಲ್ಲ. ಆದರೂ ಈ ಪಟ್ಟಿ ಒಂದು ಒಳ್ಳೆಯ ಪ್ರಶ್ನೆಯನ್ನು ಹುಟ್ಟಿಸುತ್ತದೆ. ತಾಯಿ ಮೊದಲು ಬಂದದ್ದು ಆ ಪದದ ಸದ್ದಿನಿಂದಲೋ ಅಥವಾ ಅರ್ಥದಿಂದಲೋ? ಪದವನ್ನು ಮೆಚ್ಚಿದಾಗ ನಾವು ನಿಜವಾಗಿ ಮೆಚ್ಚುವುದೇನನ್ನು?

ಮೊದಲು ಸದ್ದನ್ನು ನೋಡೋಣ. ದೂರದರ್ಶನದ ಕೆಲಸದಲ್ಲಿ ನಮಗೆ ಒಂದು ವಿಚಿತ್ರ ಅನುಭವ ಆಗಾಗ ಆಗುತ್ತದೆ. ಎಡಿಟಿಂಗ್ ಕೊಠಡಿಯಲ್ಲಿ ಕುಳಿತು ಒಬ್ಬರ ಮಾತನ್ನು ಎಲ್ಲಿ ಕತ್ತರಿಸಬೇಕೆಂದು ಹುಡುಕುವಾಗ ಒಂದೇ ಪದವನ್ನು ಇಪ್ಪತ್ತು, ಮೂವತ್ತು ಸಲ ಕೇಳಬೇಕಾಗುತ್ತದೆ. ಹತ್ತನೆಯ ಸಲದ ಹೊತ್ತಿಗೆ ಅರ್ಥ ಕಳಚಿಕೊಳ್ಳುತ್ತದೆ. ಬರೀ ಸದ್ದು ಉಳಿಯುತ್ತದೆ. 'ಅಂಬ್ರೆಲಾ, ಅಂಬ್ರೆಲಾ' ಎಂದು ನೀವೇ ಇಪ್ಪತ್ತು ಸಲ ಹೇಳಿ ನೋಡಿ. ಕೊಡೆ ಮಾಯವಾಗಿ ತುಟಿ, ನಾಲಿಗೆಗಳ ಕುಣಿತವೊಂದೇ ಉಳಿಯುತ್ತದೆ.

ಹೀಗೆ ಅರ್ಥವನ್ನು ಕಳಚಿಟ್ಟು ಪದವನ್ನು ಕೇಳಬೇಕೆಂದು ಹೇಳಿದವರಲ್ಲಿ ಜೆ. ಆರ್. ಆರ್. ಟೋಲ್ಕಿನ್ ಒಬ್ಬರು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾಷಾ ಪ್ರಾಧ್ಯಾಪಕರೂ ಆಗಿದ್ದರು. 1955ರ ಒಂದು ಉಪನ್ಯಾಸದಲ್ಲಿ ಅವರು 'ಸೆಲರ್ ಡೋರ್' ಎಂಬ ಎರಡು ಮಾತುಗಳನ್ನು ಉದಾಹರಿಸಿದರು. ಅರ್ಥವನ್ನೂ ಕಾಗುಣಿತವನ್ನೂ ಮರೆತು ಕೇಳಿದರೆ ಇದು ಸುಂದರವೆಂದು ಇಂಗ್ಲಿಷ್ ಮಾತನಾಡುವ ಬಹುತೇಕರು ಒಪ್ಪುತ್ತಾರೆ ಎಂಬುದು ಅವರ ಅಭಿಪ್ರಾಯ. ಇಂಗ್ಲೆಂಡಿನವರ ಉಚ್ಚಾರಣೆಯಲ್ಲಿ 'ರ್' ಕರಗಿ ಇದು 'ಸೆಲಡೋ' ಎಂಬಂತೆ ಕೇಳಿಸುತ್ತದೆ, ಯಾವುದೋ ಕಥೆಯ ರಾಜಕುಮಾರಿಯ ಹೆಸರಿನ ಹಾಗೆ. ಅರ್ಥವೇನು ಗೊತ್ತೇ? ನೆಲಮಾಳಿಗೆಯ ಬಾಗಿಲು!

ಅಮೆರಿಕದ ನಿಘಂಟು ಪ್ರಕಾಶಕರಾಗಿದ್ದ ವಿಲ್ಫ್ರೆಡ್ ಫಂಕ್ 1932ರಲ್ಲಿ ತಮಗೆ ಸುಂದರವೆನಿಸಿದ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಅರುಣೋದಯದ 'ಡಾನ್', ಜೋಗುಳದ 'ಲಲಬೈ', ಪ್ರಶಾಂತವಾದುದನ್ನು ಹೇಳುವ 'ಟ್ರಾಂಕ್ವಿಲ್', ಬೆಳಗುವುದನ್ನು ಹೇಳುವ 'ಲೂಮಿನಸ್', ಇಂಪಿನ 'ಮೆಲೊಡಿ' ಮೊದಲಾದವು ಅದರಲ್ಲಿವೆ. 72 ವರ್ಷಗಳ ನಂತರದ 2004ರ ಪಟ್ಟಿಯಲ್ಲಿಯೂ 'ಲಲಬೈ' ಇದೆ, 'ಟ್ರಾಂಕ್ವಿಲಿಟಿ' ಇದೆ. ಈ ಪದಗಳನ್ನು ಬಾಯಿಬಿಟ್ಟು ಹೇಳಿ. ಯಾವ ಸದ್ದುಗಳು ಮತ್ತೆ ಮತ್ತೆ ಬರುತ್ತವೆ? ಲಕಾರ, ಮಕಾರ, ನಕಾರ. ಬ್ರಿಟನ್ನಿನ ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ 1995ರಲ್ಲಿ ಇಂಥ ಮೆಚ್ಚಿನ ಪದಗಳನ್ನು ಬಿಡಿಸಿ ನೋಡಿದಾಗ ಅವರಿಗೆ ಕಂಡದ್ದೂ ಇದೇ. ಲ ಮತ್ತು ಮ ಸದ್ದುಗಳು ಹೆಚ್ಚು. ಮೂರು ಅಥವಾ ಹೆಚ್ಚಿನ ಉಚ್ಚಾರಾಂಶಗಳಿರುವ ಪದಗಳಿಗೆ ಒಲವು. ಒತ್ತು ಮೊದಲನೆಯದರ ಮೇಲೆ. ನಮ್ಮ ತಾಯಂದಿರು ಮಗುವನ್ನು ಮಲಗಿಸುವಾಗ 'ಲಾಲಿ' ಎನ್ನುತ್ತಾರೆ. ಅಲ್ಲಿಯೂ ಎರಡು ಲಕಾರಗಳು ತೂಗುತ್ತಿವೆ, ಅಲ್ಲವೇ?

ಈಗ ಒಂದು ಪುಟ್ಟ ಪ್ರಯೋಗ. ಕಾಗದದ ಮೇಲೆ ಎರಡು ಆಕೃತಿಗಳನ್ನು ಬರೆಯಿರಿ. ಒಂದು, ಮೋಡದ ಹಾಗೆ ಉಬ್ಬುಬ್ಬಾದ ದುಂಡು ಅಂಚಿನದು. ಇನ್ನೊಂದು, ಒಡೆದ ಗಾಜಿನ ಹಾಗೆ ಚೂಪು ಮೊನೆಗಳದು. ಇವುಗಳಲ್ಲಿ ಒಂದರ ಹೆಸರು 'ಬೂಬಾ', ಇನ್ನೊಂದರ ಹೆಸರು 'ಕಿಕಿ'. ಯಾವುದು ಯಾವುದು ಎಂದು ಮನೆಯವರನ್ನು ಕೇಳಿ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಎಡ್ವರ್ಡ್ ಹಬರ್ಡ್ 2001ರಲ್ಲಿ ಇದರ ಬಗ್ಗೆ ಬರೆದರು. ಅಮೆರಿಕದ ವಿದ್ಯಾರ್ಥಿಗಳಾಗಲಿ, ತಮಿಳು ಮಾತನಾಡುವವರಾಗಲಿ, ನೂರರಲ್ಲಿ ಸುಮಾರು 95 ಮಂದಿ ದುಂಡಗಿನದನ್ನೇ ಬೂಬಾ ಎಂದಿದ್ದರು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 25 ಭಾಷೆಗಳ 917 ಜನರನ್ನು ಕೇಳಲಾಯಿತು. ಆಗಲೂ ಒಟ್ಟಾರೆ ನೂರಕ್ಕೆ 72ರಷ್ಟು ಉತ್ತರಗಳು ಹೀಗೆಯೇ ಬಂದವು. ಎಂದರೆ ಸದ್ದಿಗೂ ಆಕಾರಕ್ಕೂ ನಮ್ಮ ಮಿದುಳಿನಲ್ಲಿ ಏನೋ ಒಂದು ನಂಟಿದೆ. ಕನ್ನಡ ವ್ಯಾಕರಣದಲ್ಲಿ ನೀವು ಅನುಕರಣಾವ್ಯಯಗಳನ್ನು ಓದಿದ್ದೀರಿ. 'ಗುಡುಗುಡು', 'ಥಳಥಳ', 'ಚುರುಚುರು'. ಅರ್ಥ ವಿವರಿಸುವ ಮೊದಲೇ ಅವು ಅರ್ಥವಾಗಿಬಿಡುತ್ತವೆ. ಇಂಗ್ಲಿಷಿನಲ್ಲಿಯೂ 'ಗ್ಲಿಟರ್', 'ಗ್ಲೀಮ್', 'ಗ್ಲೋ', 'ಗ್ಲಿಮರ್' ಎಲ್ಲವೂ ಬೆಳಕಿನ ಪದಗಳು. ಹಾಗೆಂದು ಇದನ್ನೇ ನಿಯಮವೆಂದು ತಿಳಿಯಬೇಡಿ. ಅಂಟಿಗೆ ಹೇಳುವ 'ಗ್ಲೂ' ಕೂಡ ಹಾಗೆಯೇ ಆರಂಭವಾಗುತ್ತದೆ. ಅದರಲ್ಲಿ ಬೆಳಕೇನೂ ಇಲ್ಲ!

ಹಾಗಾದರೆ ಸದ್ದೇ ಎಲ್ಲವೂ ಎನ್ನೋಣವೇ? ಇನ್ನೊಂದು ಪದ ಕೇಳಿ: 'ಸಾಲ್ಮೊನೆಲಾ'. ಲ, ಮ, ನ ಮೂರೂ ಇವೆ. ಕೇಳಲು ಇಂಪಾಗಿದೆ. ಆದರೆ ಅದು ಕಲುಷಿತ ಆಹಾರದಿಂದ ಹೊಟ್ಟೆಗೆ ಸೇರಿ ವಾಂತಿಭೇದಿ ತರುವ ಬ್ಯಾಕ್ಟೀರಿಯಾದ ಹೆಸರು. ಅರ್ಥ ಗೊತ್ತಾದ ಮೇಲೆ ಯಾರಾದರೂ ತಮ್ಮ ಮಗಳಿಗೆ ಆ ಹೆಸರಿಟ್ಟಾರೆಯೇ?

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಅಮೆರಿಕದಲ್ಲಿ ಬಹಳ ಮಂದಿ 'ಮಾಯಿಸ್ಟ್' ಎಂಬ ಪದವನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಅರ್ಥ 'ತೇವವಾದ' ಎಂದು, ಅಷ್ಟೆ. 2016ರಲ್ಲಿ ಮನೋವಿಜ್ಞಾನಿ ಪಾಲ್ ಥಿಬೊಡೊ ಇದನ್ನು ಪರೀಕ್ಷಿಸಿದರು. ಅವರ ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ನೂರಕ್ಕೆ 18ರಷ್ಟು ಮಂದಿಗೆ ಈ ಪದ ಸಹಿಸುತ್ತಿರಲಿಲ್ಲ. ಏಕೆಂದು ಕೇಳಿದರೆ ಸದ್ದೇ ಸರಿಯಿಲ್ಲ ಎಂದವರಿದ್ದರು. ಆದರೆ ಅದೇ ಪ್ರಾಸದ 'ಹಾಯಿಸ್ಟ್' ಎಂಬ ಪದದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ನಿಜವಾದ ಕಾರಣ ದೇಹದ ಸ್ರಾವಗಳ ನೆನಪು ಎಂದು ಅಧ್ಯಯನ ತೋರಿಸಿತು. ನಮಗೋ 'ತೇವ' ಎಂದರೆ ಮೊದಲ ಮಳೆ ಬಿದ್ದ ಮಣ್ಣು ನೆನಪಾಗುತ್ತದೆ. ಆದ್ದರಿಂದ ನಾವು ಕಿವಿಯಿಂದ ಮೆಚ್ಚಿದ್ದೇವೆ ಎಂದುಕೊಂಡ ಪದವನ್ನು ಎಷ್ಟೋ ಸಲ ಮೆಚ್ಚಿರುವುದು ನಮ್ಮ ನೆನಪು. 'ಮದರ್' ಮೊದಲ ಸ್ಥಾನ ಪಡೆದದ್ದರ ಗುಟ್ಟೂ ಬಹುಶಃ ಇದೇ.

ಇನ್ನು ಕೆಲವು ಪದಗಳು ಇಷ್ಟವಾಗುವುದು, ಹೆಸರಿಲ್ಲದ ಅನುಭವಕ್ಕೆ ಹೆಸರು ಕೊಡುವುದರಿಂದ. 2000ದಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಮತದಾನದಲ್ಲಿ ಬ್ರಿಟನ್ನಿನ ಮೆಚ್ಚಿನ ಪದವಾಗಿ ಗೆದ್ದದ್ದು 'ಸೆರೆಂಡಿಪಿಟಿ'. ಇದರ ಹುಟ್ಟಿದ ದಿನವೇ ನಮಗೆ ಗೊತ್ತಿದೆ. 1754ರ ಜನವರಿ 28ರಂದು ಹೊರೇಸ್ ವಾಲ್ಪೋಲ್ ಎಂಬ ಇಂಗ್ಲಿಷ್ ಲೇಖಕ ತನ್ನ ಗೆಳೆಯನಿಗೆ ಬರೆದ ಕಾಗದದಲ್ಲಿ ಇದನ್ನು ಸೃಷ್ಟಿಸಿದ. 'ಸೆರೆಂಡಿಪ್‌ನ ಮೂವರು ರಾಜಕುಮಾರರು' ಎಂಬ ಹಳೆಯ ಕಥೆಯಲ್ಲಿ ರಾಜಕುಮಾರರು ಹುಡುಕದೆ ಇದ್ದುದನ್ನು ಆಕಸ್ಮಿಕವಾಗಿ, ಆದರೆ ತಮ್ಮ ಜಾಣತನದಿಂದ ಕಂಡುಕೊಳ್ಳುತ್ತ ಹೋಗುತ್ತಾರೆ. ಅದೇ ಈ ಪದದ ಅರ್ಥ. ಸೆರೆಂಡಿಪ್ ಎಂಬುದು ಶ್ರೀಲಂಕೆಗೆ ಅರಬರು ಮತ್ತು ಪರ್ಷಿಯನ್ನರು ಕರೆಯುತ್ತಿದ್ದ ಹೆಸರು. ಅದರ ಹಿಂದೆ ನಮ್ಮ 'ಸಿಂಹಳದ್ವೀಪ' ಅಡಗಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ನೋಡಿದಾಗ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದಿತ್ತು. ಬೇರೊಬ್ಬರಾಗಿದ್ದರೆ ತೊಳೆದುಬಿಡುತ್ತಿದ್ದರೇನೋ. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತಿರುವುದನ್ನು ಅವರು ಗಮನಿಸಿದರು. ಪೆನಿಸಿಲಿನ್ ಕೈಗೆ ಬಂದದ್ದು ಹಾಗೆ. ಆಕಸ್ಮಿಕ ಎಲ್ಲರಿಗೂ ಒದಗುತ್ತದೆ. ಗಮನಿಸುವ ಕಣ್ಣೂ ಬೇಕು. ಇಷ್ಟನ್ನೂ ಒಂದೇ ಪದ ಹೇಳುತ್ತದೆ. ನಮ್ಮ 'ಎಂಜಲು', 'ಹುಸಿಮುನಿಸು' ಎಂಬ ಮಾತುಗಳಿಗೆ ಇಂಗ್ಲಿಷಿನಲ್ಲಿ ಒಂದು ಪದ ಹುಡುಕಿ ನೋಡಿ, ಈ ಬಗೆಯ ಪದಗಳ ಬೆಲೆ ತಿಳಿಯುತ್ತದೆ.

ಕೆಲವು ಪದಗಳ ಒಳಗೆ ಒಂದು ಚಿತ್ರ ಅಡಗಿರುತ್ತದೆ. ನೀವು ದಿನವೂ ಬಳಸುವ 'ವಿಂಡೋ' ಹಳೆಯ ಸ್ಕ್ಯಾಂಡಿನೇವಿಯದ ಭಾಷೆಯಿಂದ ಬಂದದ್ದು; ಅದರ ಮೂಲಾರ್ಥ 'ಗಾಳಿಯ ಕಣ್ಣು'. ಸಂಸ್ಕೃತದಿಂದ ಬಂದ 'ಗವಾಕ್ಷ' ಎಂದರೂ ಕಿಟಕಿಯೇ. ಅದನ್ನು ಬಿಡಿಸಿದರೆ 'ಹಸುವಿನ ಕಣ್ಣು'. ಸಾವಿರಾರು ಮೈಲಿ ದೂರದ ಎರಡು ನಾಡುಗಳ ಜನ ಗೋಡೆಯ ತೂತನ್ನು ನೋಡಿ ಕಣ್ಣನ್ನೇ ನೆನೆದರು! 'ಡೇಸಿ' ಹೂವಿನ ಹೆಸರು 'ಹಗಲಿನ ಕಣ್ಣು' ಎಂಬುದರಿಂದ ಬಂದಿದೆ, ಬೆಳಿಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುವುದರಿಂದ. ಸ್ನಾಯುವಿಗೆ ಹೇಳುವ 'ಮಸಲ್' ಲ್ಯಾಟಿನ್ನಿನಲ್ಲಿ 'ಪುಟ್ಟ ಇಲಿ'. ತೋಳು ಮಡಚಿದಾಗ ಚರ್ಮದ ಕೆಳಗೆ ಏನು ಓಡಾಡಿದಂತಾಗುತ್ತದೆ, ನೋಡಿಕೊಳ್ಳಿ. 'ಪ್ಲಾನೆಟ್' ಎಂದರೆ ಗ್ರೀಕ್ ಭಾಷೆಯಲ್ಲಿ 'ಅಲೆಮಾರಿ'.

ಈಗ ನನ್ನ ಪದದ ವಿಷಯ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಎಸ್ಎಸ್ಎಲ್‌ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ನಗರದ ಕಾಲೇಜಿಗೆ ಸೇರಿದೆ. ಇದು 1990ರ ದಶಕದ ಮಾತು. ರಸಾಯನಶಾಸ್ತ್ರದ ಪ್ರಯೋಗಾಲಯದ ಎರಡನೆಯ ವಾರ, ಉಪಕರಣ ಕೊಡುವ ಕಿಟಕಿಯ ಮುಂದೆ ನಿಂತು, "ಒಂದು ಪಿಪೆಟ್ಟೆ ಕೊಡಿ" ಎಂದು ಕೇಳಿದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ನನ್ನ ಹೆಸರೇ 'ಪಿಪೆಟ್ಟೆ' ಆಯಿತು. ಆಮೇಲೆ ಎರಡು ತಿಂಗಳು ನಾನು ಆ ಪ್ರಯೋಗಾಲಯದಲ್ಲಿ ಬಾಯಿ ಬಿಡಲಿಲ್ಲ. ಬೇಕಾದ ಸಾಮಾನನ್ನು ಬೆರಳು ತೋರಿಸಿ ಪಡೆಯುತ್ತಿದ್ದೆ. ವಿಜ್ಞಾನ ನನ್ನಿಂದಾಗದು, ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುತ್ತೇನೆ ಎಂದು ಅಪ್ಪನಿಗೆ ಒಂದು ಕಾಗದ ಬರೆದೆ. ಕಲಾ ವಿಭಾಗದ ಮೇಲಿನ ಪ್ರೀತಿಯಿಂದ ಬರೆದದ್ದಲ್ಲ ಅದು, ಬರೀ ಹೆದರಿಕೆಯಿಂದ. ವಿಳಾಸ ಬರೆದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದೆ. ಅಂಚೆಗೆ ಹಾಕುವುದಷ್ಟೇ ಬಾಕಿ.

ಅದೇ ವಾರ ಟೈಟ್ರೇಷನ್ ಪ್ರಯೋಗ. ಬ್ಯೂರೆಟ್ಟಿನಲ್ಲಿ ದ್ರಾವಣ ಎಷ್ಟು ಇಳಿಯಿತು ಎಂದು ನಾನು ಬರೆದುಕೊಳ್ಳುತ್ತಿದ್ದಾಗ ನಮ್ಮ ಅಧ್ಯಾಪಕರು ಬಂದು ಪಕ್ಕದಲ್ಲಿ ನಿಂತರು.

"ಎಲ್ಲಿಂದ ಅಳತೆ ತೆಗೆದುಕೊಂಡೆಯಮ್ಮಾ?"

ಪುಸ್ತಕದಲ್ಲಿದ್ದ ಪದವನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಕನ್ನಡದಲ್ಲಿ ಕಂಡದ್ದನ್ನು ಹೇಳಿದೆ. "ಬಿದಿಗೆ ಚಂದ್ರನ ಹಾಗೆ ಬಾಗಿದೆಯಲ್ಲ ಸಾರ್, ಅದರ ತಳದಿಂದ."

ಸುತ್ತಲಿದ್ದವರು ನಗಲು ಸಿದ್ಧರಾಗಿದ್ದರು. ಅವರು ಮಾತ್ರ ನಗಲಿಲ್ಲ. "ಅದಕ್ಕೆ ಮೆನಿಸ್ಕಸ್ ಅಂತಾರೆ. ಗ್ರೀಕ್ ಭಾಷೆಯಲ್ಲಿ ಪುಟ್ಟ ಚಂದ್ರ ಅಂತ ಅರ್ಥ. ಆ ಹೆಸರಿಟ್ಟವನಿಗೂ ನಿನಗೆ ಕಂಡದ್ದೇ ಕಂಡಿತ್ತು ನೋಡು" ಎಂದರು. ಆಮೇಲೆ ಎಲ್ಲರನ್ನೂ ಕರೆದು ಅದು ಏಕೆ ಬಾಗುತ್ತದೆ ಎಂದು ವಿವರಿಸಿದರು. ನೀರಿನ ಅಣುಗಳಿಗೆ ತಮ್ಮತಮ್ಮಲ್ಲಿರುವ ಸೆಳೆತಕ್ಕಿಂತ ಗಾಜಿನ ಮೇಲಿನ ಸೆಳೆತ ಹೆಚ್ಚು. ಹಾಗಾಗಿ ಅಂಚು ಗಾಜನ್ನು ಹಿಡಿದು ಮೇಲೇರುತ್ತದೆ, ನಡು ತಗ್ಗುತ್ತದೆ. ಪಾದರಸದಲ್ಲಿ ಇದು ತದ್ವಿರುದ್ಧ, ಚಂದ್ರ ಬೋರಲಾಗುತ್ತಾನೆ. ಪೊಟ್ಯಾಸಿಯಂ ಪರ್ಮಾಂಗನೇಟಿನಂಥ ಗಾಢ ಬಣ್ಣದ ದ್ರಾವಣದಲ್ಲಿ ತಳ ಕಾಣದ್ದರಿಂದ ಮೇಲಂಚಿನ ಅಳತೆ ತೆಗೆದುಕೊಳ್ಳಬೇಕು.

ಆ ಸಂಜೆ ಹಾಸ್ಟೆಲಿನ ಮಹಡಿಯ ಮೇಲೆ 'ಮೆನಿಸ್ಕಸ್' ಎಂದು ಗಟ್ಟಿಯಾಗಿ ಹೇಳಿಕೊಂಡೆ. ಒಂದು ವಿದೇಶಿ ಪದ ನನ್ನ ಬಾಯಲ್ಲಿ ಮೊದಲ ಸಲ ಹಾಯಾಗಿ ಕುಳಿತಿತ್ತು. ನೋಟ್‌ಬುಕ್ಕಿನಲ್ಲಿದ್ದ ಕಾಗದ ಅಂಚೆ ಡಬ್ಬಿಯನ್ನು ಸೇರಲಿಲ್ಲ.

'ಪಿಪೆಟ್ಟೆ'ಯ ಕಥೆಯೂ ಆಮೇಲೆ ತಿಳಿಯಿತು. ಅದು ಫ್ರೆಂಚ್ ಪದ. ಕೊನೆಯ 'ಎಟ್' ಎಂಬುದು 'ಚಿಕ್ಕದು' ಎಂದು ತೋರಿಸುವ ಬಾಲ. ಪಿಪೆಟ್ ಎಂದರೆ ಚಿಕ್ಕ ಕೊಳವೆ. ನಮ್ಮ ವೃತ್ತಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕ್ಯಾಸೆಟ್ ಎಂದರೆ ಚಿಕ್ಕ ಪೆಟ್ಟಿಗೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ನಾನು ಇಂಗ್ಲಿಷನ್ನೂ ಹಾಗೆಯೇ, ಒಂದಕ್ಷರವನ್ನೂ ಬಿಡದೆ ಓದಿದ್ದೆ. ಅದು ದಡ್ಡತನವಲ್ಲ. ಆ ಪದವನ್ನು ಯಾರ ಬಾಯಿಂದಲೂ ಕೇಳದೆ, ಪುಸ್ತಕದಿಂದ ಒಬ್ಬಳೇ ಕಲಿತುಕೊಂಡಿದ್ದೆ ಎಂಬುದಕ್ಕೆ ಅದು ಸಾಕ್ಷಿ. ಆದ್ದರಿಂದ ನಿಮ್ಮ ತರಗತಿಯಲ್ಲಿ ಯಾರಾದರೂ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದರೆ ದಯವಿಟ್ಟು ನಗಬೇಡಿ. ಸರಿಯಾದ ಉಚ್ಚಾರಣೆ ಗೊತ್ತಿದ್ದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿಕೊಡಿ. ಒಂದು ನಗೆಗೆ ಹೆದರಿ ಓದಿನ ದಾರಿಯನ್ನೇ ಬಿಡಲು ಹೊರಟವಳು ನಾನು. ಹಾಗೆ ಬಿಟ್ಟು ಹೋದವರು ಎಷ್ಟು ಮಂದಿಯೋ.

ಮಿತ್ರರೇ, ಇಂಗ್ಲಿಷ್ ಇಂದು ನಿಮಗೆ ಪರೀಕ್ಷೆಯ ವಿಷಯ, ನೌಕರಿಯ ಮೆಟ್ಟಿಲು. ಅದು ನಿಜವೇ. ಆದರೆ ಬರೀ ಹೆದರಿಕೆಯಿಂದ ಕಲಿತ ಪದ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಮೆಚ್ಚಿ ಕಲಿತ ಪದ ಜೊತೆಗೇ ಉಳಿಯುತ್ತದೆ. ಅದಕ್ಕೆ ದೊಡ್ಡ ಶಬ್ದಸಂಪತ್ತು ಬೇಕಾಗಿಲ್ಲ. 2004ರ ಪಟ್ಟಿಯಲ್ಲಿ 'ಇಫ್' ಎಂಬ ಎರಡಕ್ಷರದ ಪದವೂ ಇತ್ತು. ಆಗಿದ್ದರೆ, ಬಂದಿದ್ದರೆ, ಸಿಕ್ಕಿದ್ದರೆ ಎಂಬ ನಮ್ಮ ಎಲ್ಲ ಆಸೆಗಳೂ ಅದರಲ್ಲಿ ಹಿಡಿಸುತ್ತವೆ. ಇನ್ನು ಮುಂದೆ ನಿಘಂಟು ತೆರೆದಾಗ ಅರ್ಥಕ್ಕೇ ನಿಲ್ಲಬೇಡಿ. ದೊಡ್ಡ ನಿಘಂಟುಗಳಲ್ಲಿ ಪದದ ಮೂಲವನ್ನೂ ಕೊಟ್ಟಿರುತ್ತಾರೆ, ಅದನ್ನೂ ಓದಿ. ಪದವನ್ನು ಒಂದು ಸಲ ಗಟ್ಟಿಯಾಗಿ ಹೇಳಿ. ಅದರಂಥದೇ ಕನ್ನಡ ಪದವನ್ನು ಪಕ್ಕದಲ್ಲಿಟ್ಟು ನೋಡಿ. ವಾರಕ್ಕೆ ಒಂದು ಪದವಾದರೂ ಸಾಕು, ವರ್ಷಕ್ಕೆ 52 ಆಗುತ್ತದೆ.

ಈಗ ಪುಟದ ಅಂಚಿಗೆ ಮರಳೋಣ. ಅಲ್ಲಿ ನೀವು ಬರೆದ ಪದವನ್ನು ಮತ್ತೊಮ್ಮೆ ನೋಡಿ. ಅದು ಕಿವಿಗೆ ಇಷ್ಟವಾಯಿತೇ, ಅರ್ಥದಿಂದ ಇಷ್ಟವಾಯಿತೇ, ಅಥವಾ ಅದನ್ನು ನಿಮಗೆ ಮೊದಲು ಹೇಳಿದವರ ನೆನಪಿನಿಂದಲೇ? ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಅಂಚನ್ನು ಖಾಲಿ ಬಿಟ್ಟವರು ಅವಸರ ಮಾಡಬೇಕಾಗಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಗಾಜಿನ ಲೋಟದಲ್ಲಿ ನೀರು ತುಂಬಿ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನೀರು ಗಾಜನ್ನು ಮುಟ್ಟುವ ಜಾಗವನ್ನು ನೋಡಿ. ಅಂಚು ಒಂದಿಷ್ಟು ಮೇಲೇರಿರುವುದು ಕಾಣುತ್ತದೆ. ತೆಳುವಾದ ಗಾಜಿನ ಕೊಳವೆ ಸಿಕ್ಕರೆ ಇನ್ನೂ ಚೆನ್ನ, ಇಡೀ ಪುಟ್ಟ ಚಂದ್ರನೇ ಕಾಣುತ್ತಾನೆ. ನಿಮ್ಮದೇ ಪದ ಸಿಗುವವರೆಗೆ ನನ್ನ ಪದವನ್ನು ಅಲ್ಲಿ ಬರೆದಿಟ್ಟುಕೊಳ್ಳಿ.